ಮಂಗಳವಾರಕ್ಕೆ ಹೊಂದುವ ನಾಯಿ

ನಾಯಿ ಬೇಕೆಂದು ಮಗಳು ಕೇಳತೊಡಗಿ ನಾಲ್ಕು ವರ್ಷಗಳಾಗಿದ್ದವು. ಅವಳಿಗೆ ಹತ್ತು ತುಂಬಿ, ತಮ್ಮನಿಗೆ ಆರು ನಡೆಯುತ್ತಿದ್ದಾಗ, ಇನ್ನೂ ಮುಂದೂಡಲು ನಮ್ಮ ಬಳಿ ಕಾರಣಗಳು ಉಳಿದಿರಲಿಲ್ಲ. ನಮ್ಮದು ಕುಳಿತಲ್ಲೇ ಕೂರುವ ಮನೆಯಲ್ಲ. ನನ್ನ ಪತಿ ಬೆಳಗಿನ ಜಾವ ಓಡಲು ಹೋಗುತ್ತಾರೆ, ಮಕ್ಕಳಿಬ್ಬರೂ ಸೈಕಲ್ಲಿನಿಂದ ಇಳಿಯುವುದೇ ಅಪರೂಪ, ರಜೆ ಬಂತೆಂದರೆ ನಾಲ್ವರೂ ಬೆನ್ನಿಗೆ ಚೀಲ ಏರಿಸಿಕೊಂಡು ಬೆಟ್ಟ ಹತ್ತಲು ಹೊರಡುತ್ತೇವೆ. ಹಾಗಾಗಿ ಯಾವ ತಳಿಯ ನಾಯಿ ಎಂಬ ಪ್ರಶ್ನೆಗೆ ಉತ್ತರ ಸುಲಭವೆಂದೇ ಭಾವಿಸಿದ್ದೆವು: ಚುರುಕಾದ ಮನೆಗೆ ಚುರುಕಾದ ನಾಯಿ. ಆ ಉತ್ತರ ಎಷ್ಟು ಅರೆಬರೆಯದು ಎಂಬುದು ಅರಿವಿಗೆ ಬರಲು ಏಳು ತಿಂಗಳು ಹಿಡಿಯಿತು. ಅದೇ ದಾರಿಯಲ್ಲಿರುವ ಬೇರೆ ಮನೆಗಳಿಗೆ ಉಪಯೋಗವಾಗಬಹುದೆಂದು ಆ ಏಳು ತಿಂಗಳಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ದಿನ ಊಟದ ಮೇಜಿನ ಮೇಲೆ ಹಾಳೆಯಿಟ್ಟುಕೊಂಡು ಒಬ್ಬೊಬ್ಬರು ಒಂದೊಂದು ಹೆಸರು ಬರೆದೆವು. ಸಾವಿರಕ್ಕೂ ಹೆಚ್ಚು ಆಟಿಕೆಗಳನ್ನು ಹೆಸರಿನಿಂದಲೇ ಗುರುತಿಸುತ್ತಿದ್ದ ಚೇಸರ್ ಎಂಬ ಬಾರ್ಡರ್ ಕಾಲಿಯ ಬಗ್ಗೆ ಓದಿದ್ದ ಮಗಳು ಅದೇ ತಳಿಯನ್ನು ಬರೆದಳು. ನೀಲಿ ಕಣ್ಣುಗಳಿಗೆ ಮಾರುಹೋದ ಮಗ ಸೈಬೀರಿಯನ್ ಹಸ್ಕಿ ಎಂದು ಹೇಳಿ ಅಕ್ಕನಿಂದ ಬರೆಸಿದ. ಬಾಲ್ಯದಲ್ಲಿ ಮನೆಯಲ್ಲಿದ್ದ ನಾಯಿಯ ನೆನಪಿನಿಂದ ನನ್ನ ಪತಿ ಜರ್ಮನ್ ಶೆಫರ್ಡ್ ಎಂದರು. ನಾನು ಲ್ಯಾಬ್ರಡಾರ್ ಎಂದು ಬರೆದೆ. ಆದರೆ ಅದಕ್ಕೆ, ಎಲ್ಲರೂ ಅದನ್ನೇ ಸಾಕುತ್ತಾರೆ ಎಂಬುದರ ಹೊರತು ಬೇರೆ ಆಧಾರ ನನ್ನಲ್ಲಿರಲಿಲ್ಲ.

ಆ ಹಾಳೆಯನ್ನು ಹಿಡಿದುಕೊಂಡೇ ಪರಿಚಯದ ಪಶುವೈದ್ಯೆಯೊಬ್ಬರ ಬಳಿ ಹೋದೆವು. ಮರಿ ತಂದ ಮೇಲೆ ಲಸಿಕೆಗೆಂದು ಬರುವವರೇ ಹೆಚ್ಚು, ತರುವ ಮೊದಲೇ ಕೇಳಲು ಬರುವವರು ಕಡಿಮೆ ಎಂದು ಅವರು ಸಂತೋಷಪಟ್ಟರು. ನಮ್ಮ ಓಟ, ಸೈಕಲ್, ಬೆಟ್ಟಗಳ ವರ್ಣನೆಯನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, ಕೊನೆಗೆ ಒಂದೇ ಪ್ರಶ್ನೆ ಕೇಳಿದರು: "ಭಾನುವಾರ ಏನೇನು ಮಾಡುತ್ತೀರಿ ಅಂತ ಹೇಳಿದಿರಿ. ಮಂಗಳವಾರ ಏನು ಮಾಡ್ತೀರಿ?" ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮೂರು ವಾರ ಒಂದು ಪುಸ್ತಕದಲ್ಲಿ ಬರೆದಿಟ್ಟು ಆಮೇಲೆ ಬನ್ನಿ ಎಂದು ಅವರು ನಮ್ಮನ್ನು ಕಳುಹಿಸಿದರು.

ಮಗಳ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಮೂರು ವಾರ ಬರೆದೆವು. ಪ್ರತಿ ದಿನಕ್ಕೂ ಎರಡು ಸಾಲು: ದೊಡ್ಡವರು ಯಾರಾದರೂ ಮನೆಯಲ್ಲಿದ್ದ ಹೊತ್ತು, ಮತ್ತು ನಮ್ಮಲ್ಲೊಬ್ಬರು ಹೊರಗೆ ನಡೆದಾಡಿದ ನಿಮಿಷಗಳು. ಭಾನುವಾರಗಳ ಮುಂದೆ ನಾಲ್ಕು ಗಂಟೆ, ಒಮ್ಮೆ ಆರು ಗಂಟೆ ಎಂದಿತ್ತು. ಮಂಗಳವಾರಗಳ ಮುಂದೆ 40 ನಿಮಿಷ, 35 ನಿಮಿಷ, ಮತ್ತು ಮಳೆ ಸುರಿದ ಮೂರನೆಯ ವಾರದಲ್ಲಿ 15 ನಿಮಿಷ. ಶಾಲೆ, ಕಚೇರಿ, ಸಂಜೆಯ ಪಾಠಗಳ ನಡುವೆ ವಾರದಲ್ಲಿ ನಾಲ್ಕು ದಿನ ಮನೆಯಲ್ಲಿರುತ್ತಿದ್ದವರು ನನ್ನ ತಾಯಿಯೊಬ್ಬರೇ. ಅವರಿಗೆ ಎಪ್ಪತ್ತೆರಡು ವರ್ಷ, ಮಂಡಿ ನೋವು ಬೇರೆ. ನಮ್ಮ ಹಾಳೆಯ ನಾಲ್ಕು ಹೆಸರುಗಳಲ್ಲಿ ಒಂದನ್ನೂ ಅವರನ್ನು ಕೇಳಿ ಬರೆದಿರಲಿಲ್ಲ ಎಂಬುದು ಆಗ ಹೊಳೆದು ನನಗೆ ನಿಜಕ್ಕೂ ನೋವಾಯಿತು. ನಾಯಿ ಬದುಕುವುದು ನಮ್ಮ ಪ್ರವಾಸಗಳಲ್ಲಲ್ಲ, ನಮ್ಮ ಸಾಮಾನ್ಯ ದಿನಗಳಲ್ಲಿ. ಆ ದಿನಗಳಲ್ಲಿ ಅದರ ಜೊತೆಗಿರುವವರು ಅಮ್ಮ.

ಆದರೂ ಮಗಳಿಗೆ ಬಾರ್ಡರ್ ಕಾಲಿಯ ಆಸೆ ಹೋಗಿರಲಿಲ್ಲ. ಪತಿಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಎರಡು ವರ್ಷದ ಒಂದು ಕಾಲಿ ಇತ್ತು. ಅವರು ಒಂದಿಡೀ ದಿನ ಇದ್ದು ನೋಡಿ ಎಂದು ಕರೆದರು. ತಳಿ ಆರಿಸುವವರು ಬೇರೇನು ಮಾಡದಿದ್ದರೂ ಇದೊಂದನ್ನು ಮಾಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಅಷ್ಟು ಸೂಕ್ಷ್ಮಮತಿಯ ಪ್ರಾಣಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಮನೆಯೊಡತಿ ಹುಬ್ಬು ಎತ್ತಿದರೆ ಸಾಕು, ಅದಕ್ಕೆ ಅರ್ಥವಾಗುತ್ತಿತ್ತು. ಮಧ್ಯಾಹ್ನ ಹಿತ್ತಲಿನಲ್ಲಿ ಮಕ್ಕಳು ಹಿಡಿಯುವಾಟ ಆಡತೊಡಗಿದರು. ನಾಯಿ ತಲೆಯನ್ನು ಭುಜದ ಮಟ್ಟಕ್ಕೆ ತಗ್ಗಿಸಿತು, ಹೊಟ್ಟೆ ನೆಲಕ್ಕೆ ತಾಗುವಂತೆ ಮೈ ಕುಗ್ಗಿಸಿತು, ಕಣ್ಣು ಮಿಟುಕಿಸದೆ ಒಂದೆರಡು ಹೆಜ್ಜೆ ಇಟ್ಟು ನಿಂತಿತು. ಮರುಗಳಿಗೆಯಲ್ಲಿ ಬಾಣದಂತೆ ಅರ್ಧವೃತ್ತದಲ್ಲಿ ಸುತ್ತುಹಾಕಿ ನನ್ನ ಮಗನನ್ನು ಗೋಡೆಯ ಮೂಲೆಗೆ ಒತ್ತಿತು. ಅವನು ತಪ್ಪಿಸಿಕೊಂಡು ಓಡಿದಾಗ ಹಿಮ್ಮಡಿಗೆ ಬಾಯಿ ಹಾಕಿತು. ಗಾಯವಾಗಲಿಲ್ಲ, ಕಾಲುಚೀಲದ ಮೇಲೆ ನಾಲ್ಕು ಹಲ್ಲುಗಳ ಒದ್ದೆ ಗುರುತು ಮಾತ್ರ ಉಳಿಯಿತು. ಆದರೆ ಮಗ ಅತ್ತ, ಮತ್ತು ಅಂದಿನಿಂದ ನಾಯಿ ಕಂಡರೆ ನನ್ನ ಹಿಂದೆ ಸರಿಯತೊಡಗಿದ.

ಆ ನಾಯಿ ತಪ್ಪೇನನ್ನೂ ಮಾಡಿರಲಿಲ್ಲ ಎಂದು ಪಶುವೈದ್ಯೆ ಬಿಡಿಸಿ ಹೇಳಿದರು. ತೋಳ ಬೇಟೆಯಾಡುವಾಗ ದಿಟ್ಟಿಸುತ್ತದೆ, ಹೊಂಚುತ್ತದೆ, ಅಟ್ಟುತ್ತದೆ, ಹಿಡಿಯುತ್ತದೆ, ಕೊಲ್ಲುತ್ತದೆ. ಮನುಷ್ಯರು ತಲೆಮಾರುಗಳ ಕಾಲ ಆಯ್ದು ಆಯ್ದು ಈ ಸರಣಿಯ ಕೆಲವು ಕೊಂಡಿಗಳನ್ನು ಬಲಪಡಿಸಿ, ಕೆಲವನ್ನು ಸಡಿಲಿಸಿ ತಳಿಗಳನ್ನು ಮಾಡಿದ್ದಾರೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿಸೀಮೆಯ ಕುರಿಗಾಹಿಗಳು ಬೆಳೆಸಿದ ಬಾರ್ಡರ್ ಕಾಲಿಯಲ್ಲಿ ದಿಟ್ಟಿಸುವುದು, ಹೊಂಚುವುದು, ಅಟ್ಟುವುದು ಉತ್ಕಟವಾಗಿವೆ. ಚದುರಿ ಓಡುವ ಪುಟ್ಟ ಮಕ್ಕಳು ಅದರ ಕಣ್ಣಿಗೆ ಒಟ್ಟುಗೂಡಿಸಬೇಕಾದ ಮಂದೆಯಂತೆ ಕಾಣುವುದು ಸಹಜ. ರಿಟ್ರೀವರ್ ನಾಯಿಗಳಲ್ಲಿ ಬಲಗೊಂಡದ್ದು ಹಿಡಿಯುವ ಕೊಂಡಿ, ಅದೂ ಮೃದುವಾಗಿ: ಬೇಟೆಗಾರ ಹೊಡೆದುರುಳಿಸಿದ ಹಕ್ಕಿಯನ್ನು ಜಜ್ಜದೆ ತಂದು ಕೈಗೊಪ್ಪಿಸುವುದೇ ಅವುಗಳ ಕೆಲಸವಾಗಿತ್ತು. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ ತಳಿಗಳನ್ನು ಹಂಚಿರುವ 10 ಗುಂಪುಗಳ ಪಟ್ಟಿ ತೋರಿಸಿ, ಬಣ್ಣ ಮತ್ತು ಗಾತ್ರ ನೋಡುವ ಮೊದಲು ಈ ತಳಿಯನ್ನು ಯಾವ ಕೆಲಸಕ್ಕೆಂದು ಮಾಡಿದರು ಎಂದು ಕೇಳಿಕೊಳ್ಳಿ ಎಂದರು. ಆ ಕೆಲಸ ನಮ್ಮ ಮನೆಯಲ್ಲಿ ಇಲ್ಲದಿದ್ದರೆ ನಾಯಿ ಅದನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ ಎಂಬ ಮಾತನ್ನೂ ಸೇರಿಸಿದರು.

ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದ ಮೇಲೆ, ಅಷ್ಟರಲ್ಲಿ ಇನ್ನೂ ಕೆಲವು ಹೆಸರು ಸೇರಿದ್ದ ಪಟ್ಟಿ ಬೇಗ ಬೇಗ ಕಿರಿದಾಯಿತು. ಹಸ್ಕಿ ದೂರದೂರಕ್ಕೆ ಬಂಡಿ ಎಳೆಯಲು ಹುಟ್ಟಿದ ನಾಯಿ. 1925ರಲ್ಲಿ ಅಲಾಸ್ಕಾದ ನೋಮ್ ಪಟ್ಟಣಕ್ಕೆ ಗಂಟಲುಮಾರಿಯ ಔಷಧವನ್ನು ಹಿಮದಲ್ಲಿ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ತಂಡ ತಂಡವಾಗಿ ಸಾಗಿಸಿದ ನಾಯಿಗಳ ಕಥೆಯನ್ನು ನಾನೇ ಮಗನಿಗೆ ಓದಿ ಹೇಳಿದೆ. ಆ ನಾಯಿ ಬೆಲ್ಟ್ ಎಳೆದರೆ ಅಜ್ಜಿ ಏನಾಗುತ್ತಾರೆ ಎಂದು ಅವನೇ ಕೇಳಿದ. ಬೀಗಲ್ ಗಾತ್ರದಲ್ಲಿಯೂ ಗುಣದಲ್ಲಿಯೂ ಮಕ್ಕಳಿಗೆ ಚೆನ್ನಾಗಿ ಒಗ್ಗುವಂಥದ್ದು, ಆದರೆ ಮೊಲದ ವಾಸನೆ ಹಿಡಿದು ಹೋಗುವುದೇ ಅದರ ಕಸುಬು. ಬೆಟ್ಟದ ದಾರಿಯಲ್ಲಿ ಬಿಟ್ಟ ಬೀಗಲ್ ಮೂಗು ನೆಲಕ್ಕಿಟ್ಟರೆ ಕೂಗಿದ್ದು ಕೇಳಿಸುವುದಿಲ್ಲ. ಬಾಕ್ಸರ್‌ನ ಉತ್ಸಾಹ ನನಗೆ ತುಂಬ ಹಿಡಿಸಿತ್ತು. ಆದರೆ ನಾಯಿಗಳು ಮೈ ತಣಿಸಿಕೊಳ್ಳುವುದು ಬಹುಪಾಲು ನಾಲಗೆ ಚಾಚಿ ಏದುಸಿರು ಬಿಡುವುದರಿಂದಲೇ ಆದ ಕಾರಣ, ಮೊಂಡು ಮೂತಿಯ ತಳಿಗಳಿಗೆ ಬಿಸಿಲಿನ ಓಟ ಪ್ರಾಣಕ್ಕೇ ಅಪಾಯ. ಪೂಡಲ್ ರೋಮ ಉದುರಿಸುವುದಿಲ್ಲ, ಆದ್ದರಿಂದ ಅಲರ್ಜಿ ಆಗುವುದಿಲ್ಲ ಎಂದು ಹಲವರು ಹೇಳಿದರು. ಅಲರ್ಜಿ ಉಂಟುಮಾಡುವ ಪ್ರೋಟೀನುಗಳು ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ ಇರುವುದರಿಂದ ಅವು ಇಲ್ಲವೇ ಇಲ್ಲ ಎನ್ನುವ ತಳಿ ಯಾವುದೂ ಇಲ್ಲ. ನಾವು ಐವರೂ ಬೇರೆ ಬೇರೆ ನಾಯಿಗಳ ಜೊತೆ ಸಾಕಷ್ಟು ಹೊತ್ತು ಕಳೆದು, ಯಾರಿಗೂ ಸೀನು, ತುರಿಕೆ ಬರುವುದಿಲ್ಲವೆಂದು ಖಚಿತ ಮಾಡಿಕೊಂಡೆವು. ಜರ್ಮನ್ ಶೆಫರ್ಡ್ ಅನ್ನು ಪತಿ ತಾವಾಗಿಯೇ ಕೈಬಿಟ್ಟರು. ಅಷ್ಟು ಬಲದ, ಅಷ್ಟು ಎಚ್ಚರದ ನಾಯಿಗೆ ದಿನವೂ ಕೊಡಬೇಕಾದ ತರಬೇತಿಯನ್ನು ಬಾಲ್ಯದಲ್ಲಿ ತಮ್ಮ ತಂದೆ ಕೊಡುತ್ತಿದ್ದರು, ಆಗ ತಾವು ಆಡುತ್ತಿದ್ದೆವಷ್ಟೇ ಎಂದು ಅವರಿಗೆ ನೆನಪಾಯಿತು.

ಉಳಿದದ್ದು ಲ್ಯಾಬ್ರಡಾರ್ ಮತ್ತು ಗೋಲ್ಡನ್ ರಿಟ್ರೀವರ್. ಎರಡರ ಮೂಲ ಕೆಲಸವೂ ಒಂದೇ. ಸ್ಕಾಟ್ಲೆಂಡಿನಲ್ಲಿ 1868ರ ಹೊತ್ತಿಗೆ ಬೆಳೆಯತೊಡಗಿದ ಗೋಲ್ಡನ್‌ಗೆ ಉದ್ದ ರೋಮ, ದಿನವೂ ಬಾಚಬೇಕು; ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ನಾಯಿಗಳಿಂದ ಬಂದು ಬ್ರಿಟನ್ನಿನಲ್ಲಿ ರೂಪುಗೊಂಡ, 1903ರಲ್ಲಿ ಅಲ್ಲಿನ ಶ್ವಾನ ಸಂಸ್ಥೆಯಾದ ಕೆನಲ್ ಕ್ಲಬ್ಬಿನ ಮಾನ್ಯತೆ ಪಡೆದ ಲ್ಯಾಬ್ರಡಾರ್‌ಗೆ ನೀರು ತಡೆಯುವ ಗಿಡ್ಡ ರೋಮ, ಆದರೆ ಅದೂ ಧಾರಾಳವಾಗಿ ಉದುರುತ್ತದೆ. ಕೆಸರು, ಹಳ್ಳ, ಹೊಳೆ ಎಂದು ಅಲೆಯುವ ನಮಗೆ ಗಿಡ್ಡ ರೋಮವೇ ಅನುಕೂಲವೆನಿಸಿತು. ಒಂದೇ ತಳಿಯೊಳಗೆ ಎರಡು ಕವಲುಗಳಿರುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲ. ಬೇಟೆಯ ಕೆಲಸಕ್ಕೆಂದು ಬೆಳೆಸಿದ ಸಪೂರ ಮೈಯ, ತಣಿಯದ ಚೈತನ್ಯದ ಲ್ಯಾಬ್ರಡಾರ್‌ಗಳು ಒಂದು ಕಡೆ. ಪ್ರದರ್ಶನಕ್ಕೆಂದು ಬೆಳೆಸಿದ ಅಗಲ ಎದೆಯ, ಸಾಮಾನ್ಯವಾಗಿ ಇನ್ನಷ್ಟು ಸಮಾಧಾನದ ಲ್ಯಾಬ್ರಡಾರ್‌ಗಳು ಇನ್ನೊಂದು ಕಡೆ. ನಮ್ಮ ಹದಿನೈದು ನಿಮಿಷದ ಮಂಗಳವಾರವನ್ನು ನೆನೆದು ನಾವು ಎರಡನೆಯ ಕವಲಿನ ಕಡೆಗೆ ವಾಲಿದೆವು.

ಮರಿ ಮಾರಾಟಕ್ಕಿದೆಯೆಂಬ ಸುದ್ದಿ ತಿಳಿದು ಹೋದ ಮೊದಲ ಮನೆಯ ನೆನಪು ಇಂದಿಗೂ ಕಹಿ. ಬಾಗಿಲು ತೆರೆದ ಕೂಡಲೇ ಮರಿಯೊಂದನ್ನು ತಂದು ನೇರವಾಗಿ ಮಗಳ ಕೈಯಲ್ಲಿಟ್ಟರು. ಮರಿಗೆ ಎಷ್ಟು ವಾರ ಎಂದು ಕೇಳಿದರೆ ಐದು ಎಂದರು. ಎಂಟು ವಾರ ತುಂಬುವ ಮೊದಲು ತಾಯಿ ಮತ್ತು ಒಡಹುಟ್ಟುಗಳಿಂದ ಬೇರೆ ಮಾಡಬಾರದಲ್ಲವೇ ಎಂದರೆ, ಬೇಗ ಒಯ್ದಷ್ಟೂ ಬೇಗ ಹೊಂದಿಕೊಳ್ಳುತ್ತದೆ ಎಂದರು. ಕಚ್ಚಿದರೆ ಎಷ್ಟು ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ಆ ವಾರಗಳಲ್ಲಿ, ತನ್ನ ಒಡಹುಟ್ಟುಗಳ ಜೊತೆಗಿನ ಆಟದಲ್ಲಿ. ಮಕ್ಕಳಿರುವ ಮನೆಗೆ ಅದಕ್ಕಿಂತ ಮುಖ್ಯವಾದ ಪಾಠ ಯಾವುದಿದೆ? ತಾಯಿನಾಯಿಯನ್ನು ತೋರಿಸಿ ಎಂದು ಕೇಳಿದಾಗ ಅದು ಬೇರೆ ಕಡೆ ಇದೆ ಎಂಬ ಉತ್ತರ ಬಂತು. ನಾನು ಮಗಳ ಕಡೆ ನೋಡಿದೆ. ಮರಿ ಅವಳ ಮೊಣಕೈ ಸಂದಿಯಲ್ಲಿ ಮೂತಿ ಹುದುಗಿಸಿ ನಿದ್ದೆಹೋಗಿತ್ತು; ಅವಳು ಉಸಿರಾಡಿದರೆ ಎಲ್ಲಿ ಎಚ್ಚರವಾಗುತ್ತದೋ ಎಂಬಂತೆ ನಿಂತಿದ್ದಳು. ಅದನ್ನು ಅವಳ ಕೈಯಿಂದ ಬಿಡಿಸಿ ಹಿಂದಕ್ಕೆ ಕೊಟ್ಟು ಬಂದದ್ದು ಈ ಏಳು ತಿಂಗಳಲ್ಲಿ ನಾನು ಮಾಡಿದ ಅತ್ಯಂತ ಕಷ್ಟದ ಕೆಲಸ. ದಾರಿಯುದ್ದಕ್ಕೂ ಅವಳು ಮಾತನಾಡಲಿಲ್ಲ. ನಾವು ಆ ಮರಿಯನ್ನು ಕೊಂಡರೆ ಅದರ ತಾಯಿಗೆ ಮತ್ತೆ ಬೇಗನೆ ಮರಿ ಹಾಕಿಸುತ್ತಾರೆ ಎಂದು ರಾತ್ರಿ ವಿವರಿಸಿದಾಗ, "ಹಾಗಾದರೆ ಆ ಮರಿಯ ಗತಿ ಏನಮ್ಮ?" ಎಂದು ಕೇಳಿದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ.

ಎರಡನೆಯ ಬ್ರೀಡರ್, ಅಂದರೆ ತಳಿ ಬೆಳೆಸಿ ಮರಿ ಕೊಡುವವರು, ಹಿರಿಯ ಹೆಂಗಸು. ಅವರು ಮರಿ ತೋರಿಸುವ ಮೊದಲು ಒಂದು ಗಂಟೆ ನಮ್ಮನ್ನೇ ಪ್ರಶ್ನಿಸಿದರು. ನಾನು ನೋಟ್‌ಬುಕ್ ತೆರೆದಿಟ್ಟಾಗ ಅವರು ಪ್ರತಿಯೊಂದು ಪುಟವನ್ನೂ ಓದಿದರು; ಆಮೇಲೆ ತಮ್ಮ ಕಡತವನ್ನು ತೆರೆದು ನಮ್ಮ ಮುಂದಿಟ್ಟರು. ಲ್ಯಾಬ್ರಡಾರ್‌ಗಳಲ್ಲಿ ಸೊಂಟದ ಕೀಲು ಮತ್ತು ಮುಂಗಾಲಿನ ಮೊಣಕೈ ಕೀಲು ಸರಿಯಾಗಿ ಕೂಡಿಕೊಳ್ಳದ ತೊಂದರೆ ವಂಶದಿಂದ ಬರುತ್ತದೆ. ನಾಯಿಗೆ ಒಂದು ವರ್ಷವಾದ ಮೇಲೆ ಎಕ್ಸ್-ರೇ ತೆಗೆಸಿ ಅಂಕ ಹಾಕಿಸುತ್ತಾರೆ. ಅವರು ಅನುಸರಿಸುತ್ತಿದ್ದ ಬ್ರಿಟಿಷ್ ಪದ್ಧತಿಯಲ್ಲಿ ಎರಡೂ ಸೊಂಟ ಸೇರಿ 0ಯಿಂದ 106ರವರೆಗೆ ಅಂಕ, ಕಡಿಮೆಯಾದಷ್ಟೂ ಒಳ್ಳೆಯದು. ಕಣ್ಣಿನ ಪರೀಕ್ಷೆಯ ವರದಿಗಳೂ ಇದ್ದವು. ಓಡುವ ಮನೆಗೆ ಹೋಗುವ ಲ್ಯಾಬ್ರಡಾರ್‌ಗೆ ಇನ್ನೊಂದು ಪರೀಕ್ಷೆಯನ್ನು ಬಿಡಲೇಬಾರದು ಎಂದು ಅವರು ಹೇಳಿದರು. ಈ ತಳಿಯ ಕೆಲವು ನಾಯಿಗಳು ಜೋರಾಗಿ ಐದು, ಹತ್ತು, ಹದಿನೈದು ನಿಮಿಷ ಓಡಿದ ಮೇಲೆ ಹಿಂಗಾಲುಗಳ ಬಲ ಕಳೆದುಕೊಂಡು ಕುಸಿಯುತ್ತವೆ. ಇದು ಒಂದು ಜೀನಿನ ದೋಷ. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ತೋರುತ್ತದೆ, ಡಿಎನ್‌ಎ ಪರೀಕ್ಷೆಯಿಂದ ಮೊದಲೇ ತಿಳಿಯುತ್ತದೆ. ನಾವು ಅಷ್ಟು ಓದಿಕೊಂಡು ಹೋಗಿದ್ದರೂ ಇದನ್ನು ಕೇಳಿದ್ದು ಅಂದೇ ಮೊದಲು.

ಮರಿಗಳಿಗೆ ಇನ್ನೂ ಐದು ತಿಂಗಳು ಕಾಯಬೇಕಿತ್ತು. ಅದರ ಬದಲಿಗೆ ಅವರು ಮತ್ತೊಂದು ಮಾತನ್ನು ಮುಂದಿಟ್ಟರು. ಪ್ರದರ್ಶನಕ್ಕೆಂದು ತಮ್ಮಲ್ಲೇ ಉಳಿಸಿಕೊಂಡಿದ್ದ ಒಂದು ಹೆಣ್ಣುನಾಯಿ, ಹಳದಿ ಬಣ್ಣದ್ದು, ಇಪ್ಪತ್ತು ತಿಂಗಳಿನದು. ಹಲ್ಲು ಬಲಿತ ಮೇಲೆ ಅದರ ಕೆಳದವಡೆ ಕೂದಲೆಳೆಯಷ್ಟು ಮುಂದೆ ಬಂದಿತ್ತು. ತಿನ್ನಲು ತೊಂದರೆಯಿಲ್ಲ, ಪ್ರದರ್ಶನಕ್ಕೂ ಸಂತಾನಕ್ಕೂ ಮಾತ್ರ ಸಲ್ಲದು. ಒಳ್ಳೆಯ ಮನೆ ಸಿಕ್ಕರೆ ಕೊಡುವೆ ಎಂದರು.

ಮನೆಯಲ್ಲಿ ಎರಡು ದಿನ ಚರ್ಚೆ ನಡೆಯಿತು. ಮರಿಯಾದರೆ ನಮ್ಮ ರೀತಿಗೆ ತಿದ್ದಿಕೊಳ್ಳಬಹುದು ಎಂಬುದು ಪತಿಯ ವಾದ. ಅದರಲ್ಲಿ ನಿಜವಿದೆ: ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಮರಿ ಕಂಡದ್ದು, ಕೇಳಿದ್ದು ಅದರ ಸ್ವಭಾವದಲ್ಲಿ ಬೇರೂರುತ್ತದೆ. ಆದರೆ ಮರಿಯ ಎಲುಬುಗಳ ತುದಿಯ ಬೆಳವಣಿಗೆಯ ಪದರ ಗಟ್ಟಿಯಾಗಲು ದೊಡ್ಡ ತಳಿಗಳಲ್ಲಿ ಒಂದರಿಂದ ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ಪತಿಯ ಜೊತೆ ಓಡಿಸುವಂತಿಲ್ಲ, ಬೆಟ್ಟವಂತೂ ದೂರದ ಮಾತು. ಆರೇಳು ತಿಂಗಳವರೆಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುವ ಕಾಲ, ಆಗ ಕೈಗೆ ಸಿಕ್ಕ ಮಕ್ಕಳ ಬೆರಳನ್ನೂ ಬಿಡುವುದಿಲ್ಲ. ಹಗಲಿಡೀ ಮರಿಯ ಹಿಂದೆ ಓಡುವ ಹೊಣೆ ಅಮ್ಮನ ಮಂಡಿಗಳ ಮೇಲೆ ಬೀಳುತ್ತಿತ್ತು. ಪಶುವೈದ್ಯೆಯನ್ನು ಕೇಳಿದಾಗ ಅವರು 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ನೆನಪಿಸಿದರು. 18,000ಕ್ಕೂ ಹೆಚ್ಚು ನಾಯಿಗಳ ಸ್ವಭಾವವನ್ನು ಒಡೆಯರಿಂದ ಕೇಳಿ ತಿಳಿದು ನೋಡಿದಾಗ, ಒಂದು ನಾಯಿಗೂ ಇನ್ನೊಂದಕ್ಕೂ ಇರುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸರಾಸರಿ ಶೇಕಡಾ 9ರಷ್ಟೇ ಎಂದು ಕಂಡುಬಂದಿತ್ತು. "ತಳಿ ನಿಮ್ಮನ್ನ ಸರಿಯಾದ ಬೀದಿಗೆ ತಂದು ಬಿಟ್ಟಿದೆ. ಇನ್ನು ಮನೆ ಹುಡುಕಬೇಕಾದವರು ನೀವು. ಬೆಳೆದ ನಾಯಿಯಾದರೆ ಅದು ಹೇಗಿದೆ ಅಂತ ಕಣ್ಣೆದುರೇ ಇರುತ್ತದೆ," ಎಂದರು.

ನೋಡಲು ಹೋದಾಗ ಅಮ್ಮನನ್ನೂ ಕರೆದುಕೊಂಡು ಹೋದೆವು. ಮಕ್ಕಳಿಗೆ ಪಶುವೈದ್ಯೆ ಹೇಳಿಕೊಟ್ಟದ್ದನ್ನು ಮೊದಲೇ ಅಭ್ಯಾಸ ಮಾಡಿಸಿದ್ದೆ: ನಾಯಿಯ ಮುಖಕ್ಕೆ ಮುಖ ಕೊಡಬಾರದು, ಪಕ್ಕಕ್ಕೆ ತಿರುಗಿ ಕೂರಬೇಕು, ತಾನಾಗಿ ಬಂದರೆ ಎದೆಯ ಪಕ್ಕ ಮೂರು ಎಣಿಸುವಷ್ಟು ಹೊತ್ತು ಸವರಿ ಕೈ ತೆಗೆಯಬೇಕು, ಇನ್ನೂ ಬೇಕೆಂದು ಹತ್ತಿರ ಬಂದರೆ ಮಾತ್ರ ಮತ್ತೆ ಸವರಬೇಕು, ತುಟಿ ನೆಕ್ಕಿಕೊಂಡರೆ, ಆಕಳಿಸಿದರೆ, ಮುಖ ತಿರುಗಿಸಿದರೆ ಬಿಟ್ಟುಬಿಡಬೇಕು. ಮಗ ಅಂಗಳದ ಮೂಲೆಯಲ್ಲಿ ಬೆನ್ನು ತಿರುಗಿಸಿ ಕುಳಿತ. ನಾಯಿ ನಮ್ಮೆಲ್ಲರನ್ನೂ ಮೂಸಿ ನೋಡಿತು, ಅಮ್ಮನ ಕೋಲನ್ನು ಸ್ವಲ್ಪ ಹೆಚ್ಚು ಹೊತ್ತು ಮೂಸಿತು, ಆಮೇಲೆ ಬಾಯಲ್ಲಿದ್ದ ಹಳೆಯ ಚಿಂದಿಬಟ್ಟೆಯ ಸಮೇತ ಅವನ ಕಡೆ ನಡೆಯಿತು. ಒಂದು ತೋಳಿನಷ್ಟು ದೂರದಲ್ಲಿ ನಿಂತು ಕಾಯಿತು. ಅವನು ತಿರುಗಲಿಲ್ಲ. ಅದು ಬಟ್ಟೆಯನ್ನು ಅವನ ಪಾದದ ಬಳಿ ಇಟ್ಟು ಮಲಗಿತು. ತುಂಬ ಹೊತ್ತಿನ ಮೇಲೆ ಅವನ ಕೈ ಮೆಲ್ಲಗೆ ಹಿಂದಕ್ಕೆ ಚಾಚಿತು. ಒಂದು, ಎರಡು, ಮೂರು ಎಂದು ಅವನು ಗಟ್ಟಿಯಾಗಿ ಎಣಿಸಿದ್ದು ನಮಗೆಲ್ಲ ಕೇಳಿಸಿತು. ಕೈ ತೆಗೆದ. ನಾಯಿ ಮೂತಿಯಿಂದ ಅವನ ಕೈಯನ್ನು ಮೇಲಕ್ಕೆತ್ತಿ ತನ್ನ ಕತ್ತಿನ ಮೇಲೆ ಹಾಕಿಕೊಂಡಿತು.

ಸೊಂಟದ ಅಂಕ 9, ಮೊಣಕೈ ದೋಷವಿಲ್ಲ, ಓಡಿದರೆ ಕುಸಿಯುವ ಜೀನು ಇಲ್ಲ. ಈ ಮೂರನ್ನೂ ನಾನು ಆಮೇಲೆಯೇ ಓದಿದೆ, ಆದರೆ ಓದದೆ ಒಪ್ಪಲಿಲ್ಲ. ಎರಡು ವಾರದೊಳಗೆ ಹೊಂದಿಕೊಳ್ಳದಿದ್ದರೆ ಹಿಂದಕ್ಕೆ ಪಡೆಯುವುದಾಗಿ ಬ್ರೀಡರ್ ಬರೆದುಕೊಟ್ಟರು. ತಾರಾ ಎಂಬ ಅವಳ ಹೆಸರನ್ನು ನಾವು ಬದಲಿಸಲಿಲ್ಲ.

ಮೊದಲ ನಾಲ್ಕು ದಿನ ಅವಳು ಸರಿಯಾಗಿ ತಿನ್ನಲಿಲ್ಲ, ರಾತ್ರಿ ಬಾಗಿಲ ಬಳಿಯೇ ಮಲಗಿದಳು. ಆಮೇಲೆ ಹಸಿವು ಬಂತು, ನಿಲ್ಲದ ಹಸಿವು. ಸುಮಾರು ಕಾಲು ಭಾಗದಷ್ಟು ಲ್ಯಾಬ್ರಡಾರ್‌ಗಳಲ್ಲಿ ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಜೀನಿನ ಒಂದು ತುಣುಕು ಇರುವುದಿಲ್ಲವೆಂದು ಕೇಂಬ್ರಿಜ್ ವಿಜ್ಞಾನಿಗಳು 2016ರಲ್ಲಿ ತೋರಿಸಿದ್ದಾರೆ. ತಾರಾ ಅವುಗಳಲ್ಲಿ ಒಂದೋ ಅಲ್ಲವೋ, ನಾವಂತೂ ಆಹಾರವನ್ನು ತೂಗಿಯೇ ಹಾಕುತ್ತೇವೆ. ಪಕ್ಕೆಲುಬುಗಳು ಬೆರಳಿಗೆ ಸಿಗುತ್ತವೆಯೇ ಎಂದು ಪ್ರತಿ ಭಾನುವಾರ ಮಗಳು ಸವರಿ ನೋಡುತ್ತಾಳೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಮೇಜಿನ ಮೇಲೆ ಬಿಡುವಂತಿಲ್ಲವೆಂಬುದನ್ನು ಮಗ ಕಲಿತಿದ್ದಾನೆ. ಕಾಲುಚೀಲಗಳನ್ನು ಮಾತ್ರ ಇನ್ನೂ ಎಲ್ಲೆಂದರಲ್ಲಿ ಬಿಡುತ್ತಾನೆ. ಅವಳು ಅವನ್ನು ಹಲ್ಲು ತಾಗಿಸದೆ ಹೆಕ್ಕಿ ತಂದು ನನ್ನ ಕೈಗೆ ಕೊಡುತ್ತಾಳೆ. ನುಂಗಿದರೆ ಕರುಳಿಗೆ ಅಡ್ಡವಾಗುವ ವಸ್ತುವಾದ್ದರಿಂದ ಪ್ರತಿ ಸಲವೂ ಎಣಿಸಿಕೊಳ್ಳುತ್ತೇನೆ.

ಕಳೆದ ಮಂಗಳವಾರ ಇಡೀ ದಿನ ಮಳೆ. ಬೆಳಿಗ್ಗೆ ಪತಿ ಅವಳನ್ನು ಹದಿನೈದು ನಿಮಿಷ ಮಾತ್ರ ಹೊರಗೆ ಕರೆದೊಯ್ದಿದ್ದರು. ಸಂಜೆ ನಾನು ಬಂದಾಗ ಅಮ್ಮ ಕುರ್ಚಿಯಲ್ಲಿ ಕುಳಿತೇ, ತೂಗಿಟ್ಟಿದ್ದ ಆಹಾರದ ಅರ್ಧದಷ್ಟನ್ನು ಚಿಕ್ಕ ಚಿಕ್ಕ ಬಟ್ಟೆಗಂಟುಗಳಲ್ಲಿ ಕಟ್ಟಿ, ಮಗನ ಕೈಯಲ್ಲಿ ಮನೆಯ ಮೂಲೆ ಮೂಲೆಗಳಲ್ಲಿ ಅಡಗಿಸಿಡಿಸುತ್ತಿದ್ದರು. ತಾರಾ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು, ಬಾಲದ ತುದಿಯನ್ನಷ್ಟೇ ಆಡಿಸುತ್ತ ಅಮ್ಮನ ಮಾತಿಗೆ ಕಾಯುತ್ತಿದ್ದಳು. "ಹೋಗು, ತಗೊಂಡು ಬಾ," ಎಂದರು ಅಮ್ಮ.